ಯಾರೂ ಬಂದು ಒಯ್ಯದ ಬ್ಯಾಡ್ಜ್‌ಗಳು

1992ರ ಜುಲೈನಲ್ಲಿ ಏಡ್ಸ್ ಕುರಿತ ಎಂಟನೆಯ ಅಂತರರಾಷ್ಟ್ರೀಯ ಸಮ್ಮೇಳನ ಅಮೆರಿಕದ ಬಾಸ್ಟನ್ ನಗರದಲ್ಲಿ ನಡೆಯಬೇಕಿತ್ತು. ನಡೆದದ್ದು ನೆದರ್‌ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಎಚ್‌ಐವಿ ಸೋಂಕು ಇದ್ದವರನ್ನು ಅಮೆರಿಕ ಆಗ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನಡೆದ ಸಮ್ಮೇಳನವನ್ನು ಹಲವು ಸಂಘಟನೆಗಳು ಇದೇ ಕಾರಣಕ್ಕೆ ಬಹಿಷ್ಕರಿಸಿದ್ದವು. ಸೋಂಕು ಹೊತ್ತವರನ್ನು ಗಡಿಯಾಚೆ ನಿಲ್ಲಿಸಿ, ಅವರ ಸೋಂಕಿನ ಬಗ್ಗೆ ಒಳಗೆ ಕೂತು ಚರ್ಚಿಸುವುದು ಯಾವ ನ್ಯಾಯ? ಈ ಪ್ರಶ್ನೆಗೆ ಸಂಘಟಕರ ಬಳಿ ಉತ್ತರವಿರಲಿಲ್ಲ. ಊರನ್ನೇ ಬದಲಿಸಿದರು.

ಊರು ಬದಲಿಸುವುದೆಂದರೆ ಎಂಥ ಕೆಲಸ ಎಂಬುದು ಸಮ್ಮೇಳನಗಳ ಹಿಂದೆ ದುಡಿದವರಿಗೆ ಗೊತ್ತು. ವರ್ಷಗಳ ಮೊದಲೇ ಸಭಾಂಗಣ ಹಿಡಿದು ಮುಂಗಡ ಕಟ್ಟಿರುತ್ತಾರೆ. ಹೋಟೆಲುಗಳಲ್ಲಿ ಸಾವಿರಾರು ಕೋಣೆಗಳನ್ನು ಕಾದಿರಿಸಿರುತ್ತಾರೆ. ಊಟದವರು, ವಾಹನದವರು, ಧ್ವನಿ-ಬೆಳಕಿನವರು ಎಲ್ಲರ ಜೊತೆಗೂ ಕರಾರು ಆಗಿರುತ್ತದೆ, ಮುರಿದರೆ ದಂಡ ತೆರಬೇಕು. ಇಷ್ಟೆಲ್ಲ ತಿಳಿದೂ, ಒಂದು ವರ್ಷಕ್ಕಿಂತ ಕಡಿಮೆ ಸಮಯ ಉಳಿದಿದ್ದಾಗ, ಅವರು ಸಾಗರ ದಾಟಿ ಬಂದರು. ಅಮೆರಿಕ ಆ ನಿಷೇಧವನ್ನು ತೆಗೆದದ್ದು 2010ರ ಜನವರಿಯಲ್ಲಿ. ಸಮ್ಮೇಳನ ಮತ್ತೆ ಅಮೆರಿಕದ ನೆಲಕ್ಕೆ ಹೋದದ್ದು 2012ರಲ್ಲಿ, ವಾಷಿಂಗ್ಟನ್‌ಗೆ. ಇಪ್ಪತ್ತೆರಡು ವರ್ಷ ಆ ಸಮ್ಮೇಳನ ಅಮೆರಿಕದತ್ತ ಮುಖ ಮಾಡಲಿಲ್ಲ.

ಅಂದು ಬಾಗಿಲು ಹಾಕಿಕೊಂಡದ್ದು ಅಮೆರಿಕ, ತೆರೆದದ್ದು ಯುರೋಪು. ಇಂದು ಅದೇ ಪ್ರಶ್ನೆಯನ್ನು ಯುರೋಪಿನ ಬಾಗಿಲಲ್ಲೇ ನಿಂತು ಕೇಳಬೇಕಾದ ಕಾಲ ಬಂದಿದೆ. ವೈದ್ಯಕೀಯ ಮತ್ತು ವಿಜ್ಞಾನದ ದೊಡ್ಡ ಸಮ್ಮೇಳನಗಳು ಸೇರುವುದು ಹೆಚ್ಚಾಗಿ ಅಲ್ಲೇ: ವಿಯೆನ್ನಾ, ಬಾರ್ಸಿಲೋನಾ, ಪ್ಯಾರಿಸ್, ಲಿಸ್ಬನ್, ಬರ್ಲಿನ್. ಯುರೋಪಿನ ಹೃದ್ರೋಗ ತಜ್ಞರ ಸಂಘ ನಡೆಸುವ ವಾರ್ಷಿಕ ಸಮ್ಮೇಳನ ಒಂದಕ್ಕೇ ಮೂವತ್ತು ಸಾವಿರದಷ್ಟು ಜನ ಸೇರುತ್ತಾರೆ. ಚಿಕಿತ್ಸೆಯ ಹೊಸ ಮಾರ್ಗಸೂಚಿಗಳು ಅಲ್ಲಿ ಹೊರಬೀಳುತ್ತವೆ, ನಮ್ಮ ಜಯದೇವ ಆಸ್ಪತ್ರೆಯ ವೈದ್ಯರೂ ಅವನ್ನು ಓದುತ್ತಾರೆ. ಆ ಸಭಾಂಗಣದೊಳಗೆ ಯಾರಿದ್ದರು, ಯಾರಿರಲಿಲ್ಲ ಎಂಬುದು ನಮಗೆ ದೂರದ ಸಂಗತಿಯಲ್ಲ.

ಈ ಸಮ್ಮೇಳನಗಳನ್ನು ನಡೆಸಿಕೊಡುವುದನ್ನೇ ವೃತ್ತಿಯಾಗಿಸಿಕೊಂಡ ಸಂಸ್ಥೆಗಳು ಯುರೋಪಿನ ಹೆಚ್ಚಿನ ದೇಶಗಳಲ್ಲಿ ಇವೆ. ವಿಜ್ಞಾನಿಗಳ, ವೈದ್ಯರ ಸಂಘ ಸಮ್ಮೇಳನ ಕರೆಯುತ್ತದೆ. ಸಭಾಂಗಣ ಗೊತ್ತುಮಾಡುವುದು, ನೋಂದಣಿ, ಹಣಕಾಸು, ಪ್ರಾಯೋಜಕರು, ಪ್ರಬಂಧಗಳ ಆಯ್ಕೆಯ ಲೆಕ್ಕಪತ್ರ, ಕೊನೆಗೆ ಊಟದ ಕೂಪನ್ನು, ಇಷ್ಟೂ ಈ ಸಂಘಟಕರ ಹೊಣೆ. ಹಲವು ದೇಶಗಳ ಸಂಘಟಕರಿಗೆ ತಮ್ಮದೇ ಸಂಘವಿದೆ. ಅಂಥ ಸಂಘಗಳು ಕೂಡಿ 2004ರಲ್ಲಿ ಯುರೋಪ್ ಮಟ್ಟದ ಒಂದು ಒಕ್ಕೂಟ ಕಟ್ಟಿಕೊಂಡವು. ಹೆಸರು ಎಫಾಪ್ಕೊ. ಯುರೋಪಿಯನ್ ಯೂನಿಯನ್ನಿನ ಕಾನೂನುಗಳು ರೂಪುಗೊಳ್ಳುವಲ್ಲಿ ಈ ವೃತ್ತಿಯ ಪರವಾಗಿ ಮಾತಾಡುವುದು, ಗುಣಮಟ್ಟ ಕಾಯುವುದು, ಹೊಸಬರಿಗೆ ತರಬೇತಿ ಕೊಡುವುದು ಇಂಥ ಒಕ್ಕೂಟದ ಕೆಲಸ.

ಈ ವೃತ್ತಿಯ ಕಷ್ಟಗಳು ನಿಜವಾದ ಕಷ್ಟಗಳೇ. ಪ್ರವಾಸ ಪ್ಯಾಕೇಜುಗಳ ಬಗ್ಗೆ 2018ರ ಜುಲೈನಿಂದ ಜಾರಿಗೆ ಬಂದ ಯುರೋಪಿನ ಹೊಸ ನಿಯಮ, ಸಮ್ಮೇಳನದ ನೋಂದಣಿಯ ಜೊತೆಗೆ ಹೋಟೆಲು ಕೋಣೆಯನ್ನೂ ಮಾರುವ ಸಂಘಟಕನನ್ನು ಪ್ರವಾಸ ಕಂಪನಿಯ ಸಾಲಿನಲ್ಲಿ ನಿಲ್ಲಿಸಬಲ್ಲದು. ವ್ಯಾಟ್ ತೆರಿಗೆಯದು ಇನ್ನೂ ದೊಡ್ಡ ಗೋಜಲು. ಸ್ವೀಡನ್ನಿನ ಲೆಕ್ಕಪತ್ರ ವೃತ್ತಿಯವರಿಗೆ ಬೇರೆ ದೇಶದಲ್ಲಿ ನಡೆಸಿದ ತರಬೇತಿಗೆ ಎಲ್ಲಿಯ ತೆರಿಗೆ ಕಟ್ಟಬೇಕು ಎಂಬುದನ್ನು ತೀರ್ಮಾನಿಸಲು ಯುರೋಪಿನ ಅತ್ಯುನ್ನತ ನ್ಯಾಯಾಲಯವೇ ಬೇಕಾಯಿತು. 2019ರ ಮಾರ್ಚ್‌ನಲ್ಲಿ ಬಂದ ತೀರ್ಪು, ಕಾರ್ಯಕ್ರಮ ನಡೆದ ದೇಶದಲ್ಲೇ ಎಂದಿತು. ಆನ್‌ಲೈನ್‌ನಲ್ಲಿ ಭಾಗವಹಿಸುವವರ ಲೆಕ್ಕ 2025ರ ಜನವರಿಯಿಂದ ಮತ್ತೆ ಬೇರೆಯಾಯಿತು. ಇಂಥ ವಿಷಯಗಳಲ್ಲಿ ಒಕ್ಕೂಟವೊಂದು ತನ್ನವರ ಪರ ವಾದ ಮಾಡುವುದು ತಪ್ಪಲ್ಲ, ಮಾಡಲೇಬೇಕು.

ಆದರೆ ಮುಂದಿನ ಗುರಿಗಳ ಮಾತು ಬಂದಾಗ ಅಷ್ಟಕ್ಕೆ ನಿಲ್ಲಲು ಈ ವೃತ್ತಿಗೆ ಹಕ್ಕಿಲ್ಲ. ಎಷ್ಟು ಪ್ರತಿನಿಧಿಗಳು ಬಂದರು, ಎಷ್ಟು ರಾತ್ರಿ ಹೋಟೆಲು ತುಂಬಿತು, ಊರಿಗೆ ಎಷ್ಟು ವರಮಾನ ಬಂತು ಎಂಬುದು ಈವರೆಗಿನ ಅಳತೆಗೋಲು. ಬರಬೇಕಾದವರಲ್ಲಿ ಯಾರು ಬರಲಾಗಲಿಲ್ಲ ಎಂಬ ಕಾಲಂ ಆ ಲೆಕ್ಕದ ಹಾಳೆಯಲ್ಲಿ ಇಲ್ಲ. ನನ್ನ ಒತ್ತಾಯ ಈ ಕಾಲಮ್ಮಿನದು.

ಸಮ್ಮೇಳನದ ನೋಂದಣಿ ಕೌಂಟರನ್ನು ಹತ್ತಿರದಿಂದ ನೋಡಿದವಳು ನಾನು. ಮೊದಲ ದಿನ ಬೆಳಿಗ್ಗೆ ಏಳಕ್ಕೇ ಸಾಲು ಶುರುವಾಗುತ್ತದೆ. ಮೇಜಿನ ಮೇಲೆ ಉದ್ದುದ್ದ ಡಬ್ಬಿಗಳು, ಅದರೊಳಗೆ ಅಕ್ಷರಾನುಕ್ರಮವಾಗಿ ಜೋಡಿಸಿದ ಬ್ಯಾಡ್ಜ್‌ಗಳು, ಪಕ್ಕದಲ್ಲಿ ಕೊರಳಪಟ್ಟಿಗಳ ಗೊಂಚಲು. ಹೆಸರು, ಅದರ ಕೆಳಗೆ ಊರು, ದೇಶ. ಮಧ್ಯಾಹ್ನದ ಹೊತ್ತಿಗೆ ಡಬ್ಬಿಗಳು ಮುಕ್ಕಾಲು ಖಾಲಿ. ಎರಡನೆಯ ದಿನ ಒಬ್ಬೊಬ್ಬರು ಬರುತ್ತಾರೆ. ಕೊನೆಯ ದಿನ ಸಂಜೆ ಕೌಂಟರ್ ಮುಚ್ಚುವಾಗ ಡಬ್ಬಿಯ ತಳದಲ್ಲಿ ಒಂದಿಷ್ಟು ಹಾಗೇ ಉಳಿದಿರುತ್ತವೆ. ಕೈಗೆತ್ತಿಕೊಂಡು ಓದಿ: ಲಾಗೋಸ್, ಢಾಕಾ, ಅಕ್ರಾ, ಲಾಹೋರ್, ಕಠ್ಮಂಡು, ಡಾಕಾರ್, ಆಗಾಗ ಬೆಂಗಳೂರು, ಮಂಗಳೂರು. ಜ್ಯೂರಿಚ್‌ನ ಬ್ಯಾಡ್ಜ್ ಉಳಿಯುವುದೂ ಉಂಟು, ಆದರೆ ಆತನಿಗೆ ಜ್ವರ ಬಂದಿತ್ತು ಅಥವಾ ಮನಸ್ಸು ಬದಲಾಗಿತ್ತು. ಲಾಗೋಸ್‌ನವರ ಮನಸ್ಸು ಬದಲಾಗಿರುವುದಿಲ್ಲ. ಹಣ ಕಟ್ಟಿದ್ದಾರೆ, ಪ್ರಬಂಧ ಆಯ್ಕೆಯಾಗಿದೆ, ಪೋಸ್ಟರ್ ಅಂಟಿಸಬೇಕಾದ ಫಲಕಕ್ಕೆ ಸಂಖ್ಯೆಯೂ ಬಿದ್ದಿದೆ. ಆ ಫಲಕ ಮೂರು ದಿನವೂ ಬರಿದಾಗಿ ನಿಂತಿರುತ್ತದೆ. ಪಾಳಿ ಮುಗಿಸುವ ಅವಸರದಲ್ಲಿ ಉಳಿದ ಬ್ಯಾಡ್ಜ್‌ಗಳನ್ನು ಚೀಲಕ್ಕೆ ಸುರಿದು ಕಟ್ಟಿಬಿಡುತ್ತಾರೆ. ಅವು ಎಷ್ಟು, ಯಾವ ದೇಶದವು, ಏಕೆ ಉಳಿದವು ಎಂದು ಬರೆದಿಟ್ಟುಕೊಳ್ಳುವುದನ್ನು ನಾನು ಎಲ್ಲೂ ಕಾಣಲಿಲ್ಲ.

ಅವರನ್ನು ತಡೆಯುವುದು ಹೆಚ್ಚಾಗಿ ವೀಸಾ. ಯುರೋಪಿನ ಹೆಚ್ಚಿನ ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ 2024ರಲ್ಲಿ ಭಾರತದಿಂದ ಹೋದ ಅರ್ಜಿಗಳು ಹನ್ನೊಂದು ಲಕ್ಷಕ್ಕೂ ಹೆಚ್ಚು. ಒಂದೂವರೆ ಲಕ್ಷಕ್ಕೂ ಹೆಚ್ಚು ತಿರಸ್ಕೃತವಾದವು. ನೈಜೀರಿಯಾ, ಘಾನಾ, ಸೆನೆಗಲ್ ದೇಶಗಳವರ ಅರ್ಜಿಗಳಲ್ಲಿ ಹತ್ತಕ್ಕೆ ನಾಲ್ಕಕ್ಕಿಂತ ಹೆಚ್ಚು ಹಿಂದಿರುಗಿದವು. ಅದೇ ವರ್ಷದ ಜೂನ್‌ನಲ್ಲಿ ವೀಸಾ ಶುಲ್ಕ 80ರಿಂದ 90 ಯೂರೊಗೆ ಏರಿತು, ನಮ್ಮ ಲೆಕ್ಕದಲ್ಲಿ ಎಂಟೊಂಬತ್ತು ಸಾವಿರ ರೂಪಾಯಿ. ಅರ್ಜಿ ತಿರಸ್ಕೃತವಾದರೂ ಈ ಹಣ ವಾಪಸಾಗುವುದಿಲ್ಲ. ಅರ್ಜಿಯ ಜೊತೆ ತಿಂಗಳುಗಳ ಬ್ಯಾಂಕ್ ಖಾತೆಯ ವಿವರ, ಕನಿಷ್ಠ 30,000 ಯೂರೊ ಮೊತ್ತದ ಆರೋಗ್ಯ ವಿಮೆ, ಹೋಟೆಲು ಮತ್ತು ವಿಮಾನದ ಕಾಯ್ದಿರಿಸುವಿಕೆ, ಕೆಲಸ ಮಾಡುವ ಸಂಸ್ಥೆಯ ಪತ್ರ. ಪಾಸ್‌ಪೋರ್ಟು ವಾರಗಟ್ಟಲೆ ಅವರ ವಶದಲ್ಲಿರುತ್ತದೆ. ಸಂಬಳವಿರುವ ಪ್ರಾಧ್ಯಾಪಕರು ಹೇಗೋ ಇದನ್ನೆಲ್ಲ ದಾಟುತ್ತಾರೆ. ಫೆಲೋಶಿಪ್ ಹಣದಲ್ಲಿ ಬದುಕುವ ಸಂಶೋಧನಾ ವಿದ್ಯಾರ್ಥಿನಿಯ ಬ್ಯಾಂಕ್ ಖಾತೆಯಲ್ಲಿ ತೋರಿಸಲು ಏನಿರುತ್ತದೆ? ಅವಳು ಮರಳಿ ಹೋಗುತ್ತಾಳೆಂಬ ನಂಬಿಕೆ ನಮಗಿಲ್ಲ ಎಂದು ಅಚ್ಚು ಹಾಕಿದ ಕಾಗದದಲ್ಲಿ ಒಂದು ಚೌಕಕ್ಕೆ ಗುರುತು ಬೀಳುತ್ತದೆ, ಅಷ್ಟೇ.

ಮದುವೆಗೆ ಕರೆಯೋಲೆ ಕೊಟ್ಟು, ಮುಯ್ಯಿಯನ್ನೂ ಮೊದಲೇ ವಸೂಲು ಮಾಡಿಕೊಂಡು, ಬಂದವರನ್ನು ಬೀದಿಯಲ್ಲೇ ನಿಲ್ಲಿಸಿದರೆ ಆ ಮನೆಯವರಿಗೆ ಊರು ಏನನ್ನುತ್ತದೆ?

ವೀಸಾ ಕೊಡುವುದು ಸರಕಾರ, ನಮ್ಮ ಕೈಲೇನಿದೆ ಎಂದು ಸಂಘಟಕರು ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ. ಅವರ ಕೈಲಿರುವುದು ಬಹಳ. ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ ಆರು ತಿಂಗಳು ಮೊದಲೇ ಅರ್ಜಿ ಹಾಕಲು ಅವಕಾಶವಿದೆ. ಆದರೆ ಪ್ರಬಂಧ ಆಯ್ಕೆಯಾದ ಸುದ್ದಿಯನ್ನು ಸಂಘಟಕರು ಎರಡು ಮೂರು ತಿಂಗಳು ಉಳಿದಿರುವಾಗ ಕಳಿಸುತ್ತಾರೆ. ಅಷ್ಟರಲ್ಲಿ ವೀಸಾ ಕೇಂದ್ರದಲ್ಲಿ ಸಮಯ ಸಿಗುವುದೇ ಕಷ್ಟ. ಆಯ್ಕೆಯ ದಿನಾಂಕವನ್ನು ಹಿಂದಕ್ಕೆ ತರಲು ಯಾವ ಸರಕಾರದ ಅಪ್ಪಣೆ ಬೇಕು? ಆಹ್ವಾನ ಪತ್ರವನ್ನು ಎಲ್ಲರಿಗೂ ಒಂದೇ ನಮೂನೆಯಲ್ಲಿ, ಹೆಸರು ಮಾತ್ರ ತುಂಬಿ, ಅದೂ ಶುಲ್ಕ ಪೂರ್ತಿ ಸಂದಾಯವಾದ ಮೇಲೆ ಕಳಿಸುವುದು ರೂಢಿ. ಈ ವ್ಯಕ್ತಿ ಇಂಥ ವಿಷಯದ ಮೇಲೆ ಇಂಥ ದಿನ ಮಾತಾಡಲಿದ್ದಾರೆ, ಇವರ ಖರ್ಚಿನ ಇಷ್ಟು ಭಾಗ ನಮ್ಮದು ಎಂದು ಬರೆದು ಸಹಿ ಮಾಡಿದರೆ ಅರ್ಜಿಯ ತೂಕವೇ ಬೇರೆ. ವೀಸಾ ಸಿಗದವರಿಗೆ ಕಟ್ಟಿದ ಶುಲ್ಕವನ್ನು ಒಂದು ಯೂರೊ ಕಡಿತವಿಲ್ಲದೆ ಮರಳಿಸುವುದು ಕೂಡ ಅವರ ಕೈಲೇ ಇದೆ.

ಇನ್ನೊಂದು ಸಂಗತಿ ಬಹುಪಾಲು ಅರ್ಜಿದಾರರಿಗೆ ತಿಳಿದೇ ಇಲ್ಲ. ವೈಜ್ಞಾನಿಕ ವಿಚಾರಗೋಷ್ಠಿ ಅಥವಾ ಸಮ್ಮೇಳನಕ್ಕಾಗಿ ಬರುವ ಸಂಶೋಧಕರಿಂದ ವೀಸಾ ಶುಲ್ಕ ತೆಗೆದುಕೊಳ್ಳಬಾರದೆಂದು ಯುರೋಪಿನ ವೀಸಾ ಸಂಹಿತೆಯ ಹದಿನಾರನೆಯ ಕಲಮಿನಲ್ಲೇ ಇದೆ. ವೀಸಾ ಕೇಂದ್ರ ನಡೆಸುವ ಕಂಪನಿಯ ಸೇವಾಶುಲ್ಕ ಬೇರೆ, ಅದು ತಪ್ಪದು. ಸರಕಾರಕ್ಕೆ ಹೋಗುವ 90 ಯೂರೊ ಉಳಿಯಬೇಕು. ಆಹ್ವಾನ ಪತ್ರದ ತಳದಲ್ಲಿ ಈ ಕಲಮನ್ನು ಒಂದು ಸಾಲಿನಲ್ಲಿ ಅಚ್ಚುಹಾಕಿದ್ದರೆ ಎಷ್ಟು ಬಡ ಸಂಶೋಧಕರ ಹಣ ಉಳಿಯುತ್ತಿತ್ತು!

ಅದೇ ಸಂಹಿತೆಯಲ್ಲಿ ಒಲಿಂಪಿಕ್ಸ್‌ಗೆಂದೇ ಒಂದು ಪ್ರತ್ಯೇಕ ವ್ಯವಸ್ಥೆಯಿದೆ. ಒಲಿಂಪಿಕ್ಸ್ ಅಥವಾ ಪ್ಯಾರಾಲಿಂಪಿಕ್ಸ್ ಯುರೋಪಿನಲ್ಲಿ ನಡೆದಾಗ ಕ್ರೀಡಾಪಟುಗಳು, ತರಬೇತುದಾರರು, ಅಧಿಕಾರಿಗಳ ಪಟ್ಟಿಯನ್ನು ಸಂಘಟಕರೇ ಒಟ್ಟಾಗಿ ಸಲ್ಲಿಸುತ್ತಾರೆ, ಸರಳ ವಿಧಾನದಲ್ಲಿ ವೀಸಾ ಆಗುತ್ತದೆ. ಓಟಗಾರನಿಗೆ ತೆರೆಯಬಹುದಾದ ಬಾಗಿಲು ಕ್ಷಯರೋಗದ ವೈದ್ಯೆಗೆ ಏಕೆ ತೆರೆಯಬಾರದು? ಮಾನ್ಯತೆ ಪಡೆದ ಸಂಘಟಕರು ತಾವೇ ಪರಿಶೀಲಿಸಿದ ಪ್ರತಿನಿಧಿಗಳ ಪಟ್ಟಿಯನ್ನು ಕೊಡುವ, ಅದಕ್ಕೆ ತಾವೇ ಜವಾಬ್ದಾರರಾಗುವ ಇಂಥದೊಂದು ವ್ಯವಸ್ಥೆಗಾಗಿ ಬ್ರಸೆಲ್ಸ್‌ನಲ್ಲಿ ವಾದ ಹೂಡುವುದು ಈ ಒಕ್ಕೂಟದ ಮುಂದಿನ ಮೊದಲ ಗುರಿಯಾಗಬೇಕು. ತೆರಿಗೆಗಾಗಿ ಎತ್ತಿದ ದನಿಯನ್ನು ಇದಕ್ಕೂ ಎತ್ತಲಿ. ವೃತ್ತಿಯೊಂದು ತನಗೆ ಲಾಭವಿಲ್ಲದ್ದನ್ನು ಬೇಡಲು ನಿಂತಾಗಲೇ ಅದರ ಮಾತಿಗೆ ಬೆಲೆ ಹೆಚ್ಚುವುದು.

ಒಬ್ಬಿಬ್ಬರು ಬಾರದಿದ್ದರೆ ವಿಜ್ಞಾನಕ್ಕೇನು ನಷ್ಟ ಎನ್ನುವವರಿದ್ದಾರೆ. ಅವರು 1860ರ ಸೆಪ್ಟೆಂಬರ್‌ನ ಕಾರ್ಲ್ಸ್‌ರೂಹೆಯನ್ನು ನೆನೆಯಬೇಕು. ಜರ್ಮನಿಯ ಆ ಊರಿನಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು, ಸುಮಾರು 140 ಜನ, ಮೂರು ದಿನ ಸೇರಿದ್ದರು. ಪರಮಾಣು ತೂಕವನ್ನು ಹೇಗೆ ಎಣಿಸಬೇಕೆಂಬುದರಲ್ಲೇ ಆಗ ಒಮ್ಮತವಿರಲಿಲ್ಲ. ಸಭೆ ತೀರ್ಮಾನವಿಲ್ಲದೆ ಮುಗಿಯಿತು. ಹೊರಡುವ ಹೊತ್ತಿಗೆ ಇಟಲಿಯ ಕನ್ನಿಜಾರೊ ಬರೆದಿದ್ದ ಪುಟ್ಟ ಪುಸ್ತಿಕೆಯನ್ನು ಅವನ ಗೆಳೆಯ ಪವೇಸಿ ಹಂಚಿದ. ಅಲ್ಲಿಗೆ ಬಂದಿದ್ದವರಲ್ಲಿ ರಷ್ಯಾದಿಂದ ಜರ್ಮನಿಗೆ ಓದಲು ಬಂದಿದ್ದ 26ರ ಹರೆಯದ ಯುವಕನೂ ಒಬ್ಬ. ಹೆಸರು ಮೆಂಡಲೀವ್. ಒಂಬತ್ತು ವರ್ಷಗಳ ನಂತರ ಅವನು ಮೂಲಧಾತುಗಳ ಆವರ್ತ ಕೋಷ್ಟಕವನ್ನು ಪ್ರಕಟಿಸಿದ. ಇಂದಿಗೂ ನಮ್ಮ ಮಕ್ಕಳು ಹೈಸ್ಕೂಲಿನ ಗೋಡೆಯಲ್ಲಿ ನೋಡುವುದು ಅದರ ಬೆಳೆದ ರೂಪವನ್ನೇ. ಆ ಸಭೆಯಲ್ಲಿ ಕನ್ನಿಜಾರೊನ ವಾದ ಕೇಳಿದ್ದು ತನ್ನ ಯೋಚನೆಗೆ ಬುನಾದಿಯಾಯಿತೆಂದು ಅವನೇ ಮುಂದೆ ಹೇಳಿಕೊಂಡ. ಸಭೆಗೆ ಬಂದವರಲ್ಲಿ ಯಾರಿಗೆ ಏನು ದಕ್ಕೀತೆಂದು ಬಾಗಿಲಲ್ಲಿ ನಿಂತು ಹೇಳಬಲ್ಲವರು ಯಾರೂ ಇಲ್ಲ. ಇನ್ನೂ ಹೆಸರಾಗದ ಕಿರಿಯರನ್ನು ಒಳಗೆ ಬಿಡಬೇಕಾದದ್ದು ಅದಕ್ಕೇ.

ನಮ್ಮವರ ಉದಾಹರಣೆಯೂ ಇದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಹೋಮಿ ಭಾಭಾ 1955ರಲ್ಲಿ ಜಿನೀವಾದಲ್ಲಿ ಸೇರಿದ ಅಣುಶಕ್ತಿಯ ಶಾಂತಿಯುತ ಬಳಕೆಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಶೀತಲ ಸಮರದ ನಡುವೆ ಅಮೆರಿಕದ, ಸೋವಿಯತ್ ಒಕ್ಕೂಟದ ವಿಜ್ಞಾನಿಗಳು ಅಲ್ಲಿ ಒಂದೇ ಸಭೆಯಲ್ಲಿ ಕೂತು ಅದುವರೆಗೆ ಗುಟ್ಟಾಗಿಟ್ಟಿದ್ದ ಎಷ್ಟೋ ವಿಷಯಗಳನ್ನು ಬಿಚ್ಚಿಟ್ಟರು. ಸ್ವಾತಂತ್ರ್ಯ ಬಂದು ಎಂಟು ವರ್ಷವಾಗಿದ್ದ ದೇಶದವನೊಬ್ಬ ಅಧ್ಯಕ್ಷ ಪೀಠದಲ್ಲಿದ್ದ. ಎಪ್ಪತ್ತು ವರ್ಷಗಳ ನಂತರ ಅದೇ ದೇಶದ ಸಂಶೋಧಕಿ ಪ್ರೇಕ್ಷಕರ ಸಾಲಿನಲ್ಲಿ ಕೂರುವುದಕ್ಕೂ ಬ್ಯಾಂಕ್ ಖಾತೆ ತೋರಿಸಬೇಕಾಗಿದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಲೇಬೇಕು, ಏಕೆಂದರೆ ಅದು ನ್ಯಾಯವಾದ ಆಕ್ಷೇಪ. ದೂರದ ಊರುಗಳಿಂದ ಇನ್ನಷ್ಟು ಜನ ಬರಲಿ ಎಂದರೆ ಇನ್ನಷ್ಟು ವಿಮಾನ ಹಾರಲಿ ಎಂದ ಹಾಗಾಗುವುದಿಲ್ಲವೇ? ಅಮೆರಿಕದ ಭೂಭೌತವಿಜ್ಞಾನಿಗಳ ಸಂಘ 2019ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನಡೆಸಿದ ಸಮ್ಮೇಳನದ ಲೆಕ್ಕ ಮರುವರ್ಷ ನೇಚರ್ ಪತ್ರಿಕೆಯಲ್ಲಿ ಬಂತು. 28,000 ಜನರ ಪ್ರಯಾಣದಿಂದ ಗಾಳಿ ಸೇರಿದ ಇಂಗಾಲ ಸುಮಾರು 80,000 ಟನ್, ಒಬ್ಬೊಬ್ಬರ ಪಾಲಿಗೆ ಹತ್ತಿರ ಹತ್ತಿರ ಮೂರು ಟನ್. ಹವಾಮಾನದ ಬಗ್ಗೆ ಅಧ್ಯಯನ ಮಾಡುವವರೂ ಅದರಲ್ಲಿದ್ದರು. ಆ ಲೆಕ್ಕ ನನ್ನನ್ನು ಕಾಡುತ್ತದೆ, ಈ ವೃತ್ತಿಯಲ್ಲಿರುವ ಎಲ್ಲರನ್ನೂ ಕಾಡಬೇಕು.

2021ರ ನವೆಂಬರ್‌ನಲ್ಲಿ, ಗ್ಲಾಸ್ಗೊದ ಹವಾಮಾನ ಶೃಂಗಸಭೆಯ ಹೊತ್ತಿನಲ್ಲಿ, ಸಮ್ಮೇಳನ ಉದ್ಯಮದ ಹಲವರು ಸೇರಿ ಒಂದು ಪ್ರತಿಜ್ಞೆ ಮಾಡಿದರು. 2030ರೊಳಗೆ ಇಂಗಾಲವನ್ನು ಅರ್ಧಕ್ಕೆ ಇಳಿಸುವುದು, 2050ಕ್ಕೆ ನಿವ್ವಳ ಸೊನ್ನೆಗೆ ತರುವುದು. 2030 ಇನ್ನೇನು ಬಾಗಿಲಿಗೆ ಬಂತು. ಈವರೆಗೆ ಕಣ್ಣಿಗೆ ಬೀಳುವ ಬದಲಾವಣೆ ಎಂದರೆ ಪ್ಲಾಸ್ಟಿಕ್ ಬಾಟಲಿ ಹೋಗಿ ಗಾಜಿನ ಲೋಟ ಬಂದದ್ದು, ಅಚ್ಚಿನ ಪುಸ್ತಕ ಹೋಗಿ ಆ್ಯಪ್ ಬಂದದ್ದು. ಪ್ರದರ್ಶನ ಮಳಿಗೆಗಳಿಗೆ ಹಾಸಿದ ಹೊಸ ಕಾರ್ಪೆಟ್ಟನ್ನು ಮೂರು ದಿನ ತುಳಿದು, ನಾಲ್ಕನೆಯ ದಿನ ಸುತ್ತಿ ಕಸಕ್ಕೆ ಎಸೆಯುವುದು ಇವತ್ತಿಗೂ ಅನೇಕ ಕಡೆ ನಿಂತಿಲ್ಲ. ಇಂಗಾಲದ ಬಹುಪಾಲು ಇರುವುದಾದರೂ ವಿಮಾನದಲ್ಲಿ, ಮತ್ತು ಆ ವಿಮಾನ ಹತ್ತುವವರಲ್ಲಿ ಹೆಚ್ಚಿನವರು ಯುರೋಪು, ಅಮೆರಿಕದ ಶ್ರೀಮಂತ ಸಂಸ್ಥೆಗಳವರು, ವರ್ಷಕ್ಕೆ ಹಲವು ಬಾರಿ ಹಾರುವವರು. ಜೀವಮಾನದಲ್ಲಿ ಒಮ್ಮೆ ಬರುವ ಢಾಕಾದ ವೈದ್ಯನ ತಲೆಗೆ ಈ ಪಾಪವನ್ನು ಕಟ್ಟುವುದು ಅನ್ಯಾಯ.

ದಾರಿ ಇಲ್ಲದಿಲ್ಲ. 2018ರಲ್ಲಿ ಸಂಗೀತದ ಗ್ರಹಿಕೆಯನ್ನು ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಮ್ಮೇಳನ ಏಕಕಾಲಕ್ಕೆ ನಾಲ್ಕು ಊರುಗಳಲ್ಲಿ ನಡೆಯಿತು: ಆಸ್ಟ್ರಿಯದ ಗ್ರಾಟ್ಸ್, ಕೆನಡಾದ ಮಾಂಟ್ರಿಯಲ್, ಅರ್ಜೆಂಟೀನಾದ ಲಾ ಪ್ಲಾಟಾ, ಆಸ್ಟ್ರೇಲಿಯಾದ ಸಿಡ್ನಿ. ಹತ್ತಿರದ ಊರಿಗೆ ಹೋದವರು ಅಲ್ಲೇ ಮುಖಾಮುಖಿ ಕೂತರು, ದೂರದವರನ್ನು ಪರದೆಯ ಮೇಲೆ ಕಂಡರು. ಇದು ಕೋವಿಡ್‌ಗೂ ಮೊದಲಿನ ಮಾತು. ಮುಖ್ಯ ಊರು ಯುರೋಪಿನಲ್ಲಿದ್ದು, ಜೊತೆಯ ಸಭಾಂಗಣಗಳು ಅಕ್ರಾದಲ್ಲಿ, ಬೆಂಗಳೂರಿನಲ್ಲಿ, ಸಾವೊಪೌಲೊದಲ್ಲಿ ಇರಲಿ. ಮುಖ್ಯ ಭಾಷಣಗಳಲ್ಲಿ ಒಂದಿಷ್ಟು ಅಲ್ಲಿಂದಲೇ ಆಗಲಿ, ವಿಯೆನ್ನಾದವರು ಪರದೆ ನೋಡಿ ಕೇಳಲಿ. ಆಗ ವೀಸಾದ ಗೋಡೆಯೂ ತಗ್ಗುತ್ತದೆ, ಹೊಗೆಯೂ. ಇದರಿಂದ ಒಂದು ಊರಿನ ಹೋಟೆಲುಗಳಿಗೆ ವ್ಯಾಪಾರ ಕಡಿಮೆಯಾದೀತು, ಸಂಘಟಕನ ಕಮಿಷನ್ನೂ ಇಳಿದೀತು. ಅದು ನನಗೂ ಗೊತ್ತು. ಆ ನಷ್ಟವನ್ನು ಹೊರಲು ಸಿದ್ಧರಿದ್ದೀರಾ ಎಂಬುದೇ ನಾನು ಒಕ್ಕೂಟದ ಮುಂದಿಡುವ ಪ್ರಶ್ನೆ.

ಹಣದ ಮಾತನ್ನೂ ಬಿಡುವ ಹಾಗಿಲ್ಲ. ದೊಡ್ಡ ವೈದ್ಯಕೀಯ ಸಮ್ಮೇಳನಕ್ಕೆ ಕಾಲಿಟ್ಟರೆ ಮೊದಲು ಎದುರಾಗುವುದು ಕಂಪನಿಗಳ ಮಳಿಗೆ. ಎರಡಾಳೆತ್ತರದ ದೀಪದ ಗೋಡೆ, ಬಿಟ್ಟಿ ಕಾಫಿ, ಕೂರಲು ಮೆತ್ತನೆಯ ಸೋಫಾ. ಕಿರಿಯ ಸಂಶೋಧಕರ ಪೋಸ್ಟರುಗಳು ಇದನ್ನೆಲ್ಲ ದಾಟಿ ಹಿಂಬದಿಯ ಮೂಲೆಯಲ್ಲಿ. ವೈದ್ಯಕೀಯ ಉಪಕರಣ ತಯಾರಕರ ಯುರೋಪಿನ ಸಂಘವಾದ ಮೆಡ್‌ಟೆಕ್ ಯುರೋಪ್ 2018ರ ಜನವರಿ 1ರಿಂದ ತನ್ನ ಸದಸ್ಯರಿಗೆ ಒಂದು ಕಟ್ಟುಪಾಡು ಹಾಕಿತು: ಬೇರೆಯವರು ನಡೆಸುವ ಸಮ್ಮೇಳನಕ್ಕೆ ಹೋಗಲು ಕಂಪನಿ ಯಾವ ವೈದ್ಯನಿಗೂ ನೇರವಾಗಿ ಹಣ ಕೊಡಬಾರದು. ಒಳ್ಳೆಯ ಹೆಜ್ಜೆ. ಹಣ ಈಗ ಆಸ್ಪತ್ರೆಗಳಿಗೆ, ಸಂಘಗಳಿಗೆ, ಸಂಘಟಕರಿಗೆ ಶೈಕ್ಷಣಿಕ ನೆರವೆಂದು ಹೋಗುತ್ತದೆ. ಯಾರನ್ನು ಕರೆಸಬೇಕೆಂಬ ಆಯ್ಕೆ ಕಂಪನಿಯ ಕೈತಪ್ಪಿ ಇವರ ಕೈಗೆ ಬಂದಿದೆ. ಆ ಹಣ ಎಲ್ಲಿಂದ ಎಷ್ಟು ಬಂತು, ಯಾವ ದೇಶದ ಎಷ್ಟು ಜನರಿಗೆ ಹೋಯಿತು ಎಂದು ಪ್ರತಿ ಸಮ್ಮೇಳನದ ನಂತರ ಎಲ್ಲರೂ ಓದುವಂತೆ ಪ್ರಕಟಿಸಲಿ. ಕಾಫಿಯ ಮಳಿಗೆಗೂ ಪೋಸ್ಟರ್ ಫಲಕಕ್ಕೂ ಜಾಗ ಬದಲಿಸಲಿ.

ಒಕ್ಕೂಟ ತಡೆಯಬೇಕಾದ ಇನ್ನೊಂದು ಪೀಡೆ ಸುಳ್ಳು ಸಮ್ಮೇಳನಗಳದು; ಅದು ನಮ್ಮ ನೆರೆಯಿಂದಲೂ ಹಬ್ಬಿದೆ ಎಂಬುದನ್ನು ನೋವಿನಿಂದ ಹೇಳಬೇಕಾಗಿದೆ. ಹೈದರಾಬಾದ್ ಮೂಲದ ಓಮಿಕ್ಸ್ ಸಮೂಹದ ಮೇಲೆ ಅಮೆರಿಕದ ವಾಣಿಜ್ಯ ಆಯೋಗ ಹೂಡಿದ ಮೊಕದ್ದಮೆಯಲ್ಲಿ, 2019ರಲ್ಲಿ ನೆವಾಡದ ಫೆಡರಲ್ ನ್ಯಾಯಾಲಯ 5 ಕೋಟಿ ಡಾಲರಿಗೂ ಮಿಕ್ಕಿ ತೆರಬೇಕೆಂದು ಆಜ್ಞೆ ಮಾಡಿತು. ಒಪ್ಪಿಕೊಳ್ಳದ ವಿದ್ವಾಂಸರ ಹೆಸರನ್ನು ಭಾಷಣಕಾರರ ಪಟ್ಟಿಯಲ್ಲಿ ಹಾಕಿ ಜನರನ್ನು ಸಮ್ಮೇಳನಕ್ಕೆ ಸೆಳೆದರೆಂಬುದು ಆರೋಪಗಳಲ್ಲೊಂದು. ಇಂಥವರು ಹೋಟೆಲಿನ ಒಂದು ಕೋಣೆಯಲ್ಲಿ ಹತ್ತಿಪ್ಪತ್ತು ಜನರನ್ನು ಕೂರಿಸಿ ಅಂತರರಾಷ್ಟ್ರೀಯ ಸಮ್ಮೇಳನ ಎನ್ನುತ್ತಾರೆ. ಬಲಿಯಾಗುವವರು ಬಡ್ತಿಗೆ ಅಂಕ ಬೇಕಾದ ನಮ್ಮ ಕಾಲೇಜು ಅಧ್ಯಾಪಕರು, ಆಫ್ರಿಕಾದ ವಿದ್ಯಾರ್ಥಿಗಳು. ಪ್ರತಿ ಭಾಷಣಕಾರನ ಲಿಖಿತ ಒಪ್ಪಿಗೆ ಇಲ್ಲದೆ ಹೆಸರು ಹಾಕದ, ಯಾರು ಬೇಕಾದರೂ ಪರಿಶೀಲಿಸಬಹುದಾದ ಪಟ್ಟಿ ಇಡುವ ಸಂಘಟಕರಿಗೆ ಮಾತ್ರ ತನ್ನ ಮುದ್ರೆ ಕೊಡುವ ಕೆಲಸ ಒಕ್ಕೂಟಕ್ಕೆ ಕಷ್ಟದ್ದಲ್ಲ.

ಕೌಂಟರಿನ ಹಿಂದೆ ಹತ್ತು ಗಂಟೆ ನಿಂತು ನಗುವವರ, ಕೋಟುಗಳನ್ನು ಕಾಯುವವರ, ರಾತ್ರಿಯಿಡೀ ಮಳಿಗೆ ಕಟ್ಟಿ ಬಿಚ್ಚುವವರ ಮಾತೂ ಇದೆ. ಇವರಲ್ಲಿ ಬಹಳ ಮಂದಿ ದಿನಗೂಲಿಯವರು, ವಲಸೆ ಬಂದವರು. 2020ರಲ್ಲಿ ಸಮ್ಮೇಳನಗಳೆಲ್ಲ ಒಮ್ಮೆಲೇ ನಿಂತಾಗ ಮೊದಲು ಕೂಳು ಕಳೆದುಕೊಂಡವರು ಇವರೇ. ಕೂರಲು ಕುರ್ಚಿ, ಲಿಖಿತ ಕರಾರು, ಕಾರ್ಯಕ್ರಮ ರದ್ದಾದರೂ ಸಿಗುವ ಕೂಲಿ. ಗುಣಮಟ್ಟದ ಸಂಹಿತೆಯಲ್ಲಿ ಈ ಮೂರಕ್ಕೆ ಜಾಗವಿಲ್ಲದಿದ್ದರೆ ಅದು ಯಾರ ಗುಣಮಟ್ಟ?

ಯುರೋಪಿನ ಸಂಘಟಕ ಬಂಧುಗಳೇ, ನಿಮ್ಮ ಮುಂದಿನ ಗುರಿಗಳನ್ನು ಬರೆಯಲು ಕೂತಾಗ ವೃತ್ತಿಯ ಬೆಳವಣಿಗೆಯ ಪುಟವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಕಳೆದ ವರ್ಷದ ನಿಮ್ಮ ಸಮ್ಮೇಳನಗಳಲ್ಲಿ ವೀಸಾ ಸಿಗದೆ ಬಾರದೆ ಉಳಿದವರೆಷ್ಟು ಎಂಬ ಲೆಕ್ಕವನ್ನು ಮೊದಲು ಹೊರಗೆ ತನ್ನಿ. ಅದನ್ನು ದೇಶವಾರು ಪ್ರಕಟಿಸಿ, ಪ್ರತಿ ವರ್ಷ ಪ್ರಕಟಿಸಿ. ಆ ಅಂಕಿಯನ್ನು ಕೈಯಲ್ಲಿ ಹಿಡಿದು ನಿಮ್ಮ ಸರಕಾರಗಳ ಮುಂದೆ ನಿಲ್ಲಿ. ಸರಕಾರ ಕೇಳದಿದ್ದರೆ ಊರು ಬದಲಿಸುವ ಧೈರ್ಯ ನಿಮ್ಮ ವೃತ್ತಿಗೆ ಹೊಸದಲ್ಲ.

ನಮ್ಮವರಿಗೂ ಒಂದು ಮಾತು. ಕರ್ನಾಟಕದ ವೈದ್ಯರು, ವಿಜ್ಞಾನಿಗಳು, ಎಂಜಿನಿಯರುಗಳು ಹಲವು ಅಂತರರಾಷ್ಟ್ರೀಯ ಸಂಘಗಳ ಸಮಿತಿಗಳಲ್ಲಿದ್ದೀರಿ. ಮುಂದಿನ ಸಮ್ಮೇಳನ ಯಾವ ಊರಿನಲ್ಲಿ, ಯಾವ ಸಂಘಟಕರಿಗೆ ಎಂದು ನಿರ್ಧರಿಸುವ ಸಭೆಯಲ್ಲಿ ನಿಮಗೂ ಒಂದು ಮತವಿದೆ. ಸಭಾಂಗಣದ ಚಿತ್ರ, ನದಿಯ ದಂಡೆಯ ಔತಣದ ಚಿತ್ರಗಳನ್ನು ತೋರಿಸಿದ ಮೇಲೆ ನಿಮ್ಮ ಅಭಿಪ್ರಾಯ ಕೇಳುತ್ತಾರೆ. ಆಗ ಇಷ್ಟು ಕೇಳಿ: ಪ್ರಬಂಧದ ಆಯ್ಕೆ ಆರು ತಿಂಗಳ ಮೊದಲೇ ತಿಳಿಸುತ್ತೀರಾ? ವೀಸಾ ಸಿಗದವರಿಗೆ ಪೂರ್ತಿ ಹಣ ಮರಳಿಸುತ್ತೀರಾ? ನಮ್ಮ ಕಡೆಯ ಒಂದು ಊರಿನಲ್ಲೂ ಜೊತೆಯ ಸಭಾಂಗಣ ತೆರೆಯುತ್ತೀರಾ? ಉತ್ತರವನ್ನು ಬರೆದುಕೊಡುವವರೆಗೆ ಮತ ಹಾಕಬೇಡಿ.